ಶೇಕಡಾ ಎಪ್ಪತ್ತು

ಉಗ್ರಾಣದ ಅಣ್ಣ ಮಾಡಿದ್ದು ಉಪಕಾರವೇ. ಮುಂದಿನ ತಿಂಗಳು ನಿವೃತ್ತರಾಗುವ ಅವರು ಬೆಳಿಗ್ಗೆ ಬೇಗ ಬಂದು, ಪ್ರಯೋಗಾಲಯದ ಯಂತ್ರದ ತೊಟ್ಟಿಯಲ್ಲಿ ನೀರು ಕಮ್ಮಿಯಾಗಿದ್ದು ನೋಡಿ, ಒಂದು ಬಕೆಟ್ ತುಂಬ ನಲ್ಲಿಯ ನೀರು ಸುರಿದುಬಿಟ್ಟಿದ್ದರು.

ಗುಳ್ಳೆ ಸಾರ್ ಬಂದವರೇ ಬಕೆಟ್ ಕಿತ್ತುಕೊಂಡರು. ದಿನವಿಡೀ ಆ ಯಂತ್ರದ ಗುಳ್ಳೆ ನೋಡುತ್ತಾ ಕೂರುವುದರಿಂದ ಅವರಿಗೆ ಆ ಹೆಸರು. ವಿದ್ಯುತ್ ಹರಿಸಿ ನೀರಿನಿಂದ ಹೈಡ್ರೋಜನ್ ತೆಗೆಯುವ ಯಂತ್ರ. ನಲ್ಲಿ ನೀರಿನ ಲವಣ ಅದಕ್ಕೆ ವಿಷ. ಎರಡು ವರ್ಷದಲ್ಲಿ ಐದು ಬಗೆಯ ವಿದ್ಯುದ್ವಾರ ಬದಲಿಸಿದರೂ ದಕ್ಷತೆ ಶೇಕಡಾ ಐವತ್ತಾರರಲ್ಲಿ ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ನಿಂತಿತ್ತು. ಇವತ್ತು ಅರವತ್ತೈದು ದಾಟದಿದ್ದರೆ ಉಗ್ರಾಣಕ್ಕೆ ವರ್ಗ ಎಂದು ನಿರ್ದೇಶಕರು ಹೇಳಿಯಾಗಿತ್ತು.

"ಯೋಚನೆ ಮಾಡ್ಬೇಡಿ, ನನ್ನ ಕುರ್ಚಿ ನಿಮಗೇ," ಎಂದರು ಅಣ್ಣ.

ನೀರು ಹೊರಹಾಕಲು ಪಂಪು ತಂದರೆ ಪ್ಲಗ್ ಬೋರ್ಡಿನಲ್ಲಿ ಜಾಗವಿಲ್ಲ. ಸಾರ್ ದೊಡ್ಡ ಕೆಟಲಿನ ಪ್ಲಗ್ಗು ಕಿತ್ತರು. ಸಹೋದ್ಯೋಗಿಗಳು ಚಹಾಕ್ಕೆಂದು ತಮ್ಮನ್ನು ಹೊರಗೆ ಎಳೆದೊಯ್ಯಬಾರದೆಂದು ಅವರೇ ಯೋಜನೆಯ ಮೊದಲ ದಿನ ತಂದಿಟ್ಟ ಕೆಟಲು. ಬೆಳಗಿನಿಂದ ಸಂಜೆವರೆಗೆ ಕುದಿಯುತ್ತಲೇ ಇರುತ್ತಿತ್ತು. ಟಪಾಲು ವಿಭಾಗದ ಅಕ್ಕ ಖಾಲಿ ಲೋಟ ಹಿಡಿದು ನಿಂತು, ವಿಜ್ಞಾನ ಬೆಳೆಯಲಿ, ಆದರೆ ತಲೆನೋವು ಬೆಳೆಸಬಾರದು ಎಂದು ಗೊಣಗಿದರು.

ಯಂತ್ರವನ್ನು ಮೂರು ಸಲ ತೊಳೆದು, ಶುದ್ಧ ನೀರು ತುಂಬಿ, ಪಂಪು ತೆಗೆಯುವ ಹೊತ್ತಿಗೆ ನಿರ್ದೇಶಕರು ಬಂದರು. ಸಾರ್ ಗುಂಡಿ ಒತ್ತಿದರು. ಅರವತ್ತು. ಅರವತ್ತೆಂಟು. ಎಪ್ಪತ್ತು.

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. ಸಾರ್ ಕಣ್ಣೂ ಒದ್ದೆಯಾಯಿತು. ಖುಷಿಯಲ್ಲಿ ಅಕ್ಕ, ದೊಡ್ಡವರಿಗೆ ಚಹಾ ಆಗಲೆಂದು ಕೆಟಲಿನ ಪ್ಲಗ್ಗು ಸಿಕ್ಕಿಸಿದರು.

ಐವತ್ತಾರು.

ಎಲ್ಲರೂ ಕೆಟಲಿನತ್ತ ತಿರುಗಿದರು. ಯಂತ್ರದ ಮೀಟರು ಇದ್ದದ್ದು ಅದೇ ಬೋರ್ಡಿಗೆ. ಕೆಟಲು ಕುಡಿದ ವಿದ್ಯುತ್ತೆಲ್ಲ ಯಂತ್ರದ ಲೆಕ್ಕಕ್ಕೆ ಬಿದ್ದಿತ್ತು. ಸಾರ್ ತಾವೇ ಪ್ಲಗ್ಗು ತೆಗೆದು ತೋರಿಸಿದರು. ಮತ್ತೆ ಎಪ್ಪತ್ತು.

"ದಾಟ್ತು ಸಾರ್," ಎಂದರು ಮೆಲ್ಲಗೆ.

"ದಾಟ್ತು. ಆದ್ರೆ ಹಳೇ ವಿದ್ಯುದ್ವಾರ ಇದ್ದಾಗ್ಲೂ ಐವತ್ತಾರೇ ಬರ್ತಿತ್ತಲ್ವಾ?" ಎಂದರು ನಿರ್ದೇಶಕರು.

"ಹೌದು ಸಾರ್."

"ಆಗ್ಲೂ ಈ ಕೆಟಲ್ ಇತ್ತಲ್ವಾ?"

ಸಾರ್ ಕೆಟಲಿನ ವೈರು ಸುತ್ತಿಡತೊಡಗಿದರು.

"ಅಂದ್ರೆ ಮೊದಲಿಂದ್ಲೂ ಎಪ್ಪತ್ತೇ ಇತ್ತು. ಇನ್ನು ಸುಧಾರಿಸೋಕೆ ಏನು ಉಳೀತು ಹೇಳಿ?" ನಿರ್ದೇಶಕರು ಕೈಕುಲುಕಿ, ಯೋಜನೆ ಮುಗಿಯಿತೆಂದು ಸಹಿ ಹಾಕಿದರು.

ಸಂಜೆ ಉಗ್ರಾಣದಲ್ಲಿ ಅಣ್ಣ ಸಾರ್‌ಗೆಂದು ಕುರ್ಚಿ ಒರೆಸಿಟ್ಟಿದ್ದರು. ಪ್ರಯೋಗಾಲಯದಲ್ಲಿ ಇರಕೂಡದೆಂದು ಕೆಟಲೂ ಉಗ್ರಾಣಕ್ಕೇ ಬಂದಿತ್ತು. ಅಕ್ಕ ನೀರು ಕಾಯಲಿಟ್ಟು ಮುಚ್ಚಳ ತೆಗೆದರು. ಗುಳ್ಳೆ ಸಾರ್ ಕುರ್ಚಿ ಎಳೆದುಕೊಂಡು, ಅಭ್ಯಾಸದಂತೆ, ಗುಳ್ಳೆ ನೋಡುತ್ತಾ ಕುಳಿತರು.