ಮೈಲಾರೆಪ್ಪನ ಉಡಿದಾರ ವಿಮೋಚನ ಪರ್ವ

ಮಾಗಿಯ ಆ ಮುಂಜಾವದಲ್ಲಿ ತುಂಗಭದ್ರೆಯಿಂದೆದ್ದ ಮಂಜು ರಾಣೆಬೆನ್ನೂರನ್ನು ಹಾಲ್ಗಡಲಂತೆ ಮುಳುಗಿಸಿತ್ತು. ಹೇ ಏಳುಕೋಟಿಗೊಡೆಯ ಮೈಲಾರಲಿಂಗನೇ, ಕಬ್ಬಿಣದ ಸರಪಳಿಯನ್ನೇ ಹರಿಸುವ ಪವಾಡಪುರುಷನೇ, ಈ ಕಲಿಯುಗದಲ್ಲಿ ಒಂದೆಳೆ ಬೆಳ್ಳಿಯ ದಾರ ಬಿಚ್ಚಿಸಿದ ಘೋರಕಥೆಯನ್ನು ಹೇಳುವ ನಾಲಗೆಗೆ ಬಲ ಕೊಡು!

ಮಲ್ಲಕುಲತಿಲಕ, ಮೆಣಸಿನಮೂಟೆಭಾರಧುರಂಧರ, ಗರಡಿಮನೆಯ ಒಡೆಯ ಮೈಲಾರೆಪ್ಪನು ನೀರಿನ ಕೊಡ ಎತ್ತಲೆಂದು ಬಾಗಿದವನು ಮತ್ತೆ ನೆಟ್ಟಗಾಗದೆ ಆಸ್ಪತ್ರೆ ಸೇರಿದ್ದನು. ಎಕ್ಸ್‌ರೇ ಎಲುಬನ್ನಷ್ಟೇ ಕಂಡಿತು. ನರದ ಸುದ್ದಿ ತಿಳಿಯಲು ಎಂಆರ್‌ಐ ಎಂಬ ಅಯಸ್ಕಾಂತಗುಹೆಯನ್ನೇ ಹೊಗಬೇಕು ಎಂದರು ವೈದ್ಯರು. ವಿಮೆಯೆಂಬ ದೇವಿಯ ವರಕ್ಕೋ ಒಂದು ಕಟ್ಟಳೆ: ಭಕ್ತನು ಆಸ್ಪತ್ರೆಯ ಮಂಚದ ಮೇಲಿರುವ ತನಕ ಸ್ಕ್ಯಾನಿನ ಖರ್ಚು ದೇವಿಯದು, ಮಂಚ ಬಿಟ್ಟಮೇಲೆ ಭಕ್ತನದೇ. ಅಂದು ಸಂಜೆಗೆ ಬಿಡುಗಡೆ.

ಗುಹಾದ್ವಾರದಲ್ಲಿ ಯಂತ್ರಪಾಲಿನಿ ಫರ್ಜಾನಾ ಅಡ್ಡ ನಿಂತಳು.

"ಕಾಕಾ, ನಡದಾಗಿನ ಉಡಿದಾರ ತಗೀರಿ."

ಮೈಲಾರೆಪ್ಪನು ಪ್ರಳಯಮೇಘದಂತೆ ಗುಡುಗಿದನು. ನಡು ಬಾಗಿದ್ದರಿಂದ ಗುಡುಗೆಲ್ಲ ನೆಲಕ್ಕೆ ಬಡಿಯಿತು. "ಎಲೆ ತಂಗಿ! ಹದಿನಾಕ ಹಳ್ಳಿ ಪೈಲ್ವಾನ್ರು ಜಗ್ಗಿದ್ರೂ ಹರೀದ ದಾರ ಇದು! ಮೊದಲ ಕುಸ್ತಿ ಗೆದ್ದಾಗ ನಮ್ಮಪ್ಪ ಕಟ್ಯಾನ. ಗಂಡಸಿನ ಉಡಿದಾರ ಬಿಚ್ಚೂದು ಸುಡುಗಾಡದಾಗ! ಬೆಳ್ಳಿ ಅಯಸ್ಕಾಂತಕ್ಕ ಅಂಟೂದಿಲ್ಲ, ನನಗ ಗೊತ್ತೈತಿ!"

"ಅಂಟೂದಿಲ್ಲ ಕಾಕಾ, ಕಾದು ಮೈ ಸುಡತೈತಿ. ಚಿತ್ರಾನೂ ಕೆಡತೈತಿ."

"ಹಂಗಾರ ಸ್ಕ್ಯಾನೇ ಬ್ಯಾಡ! ಬಾಗೇ ಬಾಳತೀನಿ!" ಎಂದು ವೀರನು ಗಾಲಿಕುರ್ಚಿಯ ರಥವನ್ನು ತಿರುಗಿಸಿದನು.

ಬೆಂಚಿನ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವನ ಹೆಂಡತಿ ಮಾಳವ್ವ ತಲೆಯೆತ್ತದೆ ನುಡಿದಳು: "ಇವತ್ತ ಬಿಟ್ರ ನಾಳೆ ಕುರಿ ಮಾರಿ ಮಾಡಿಸಬೇಕಾಕ್ಕೈತಿ. ಹೋದ ವರ್ಷ ನನ್ನ ತಲಿ ಇದರಾಗ ಹಾಕಿದಾಗ ತಾಳಿ ಬಿಚ್ಚಿ ನಿಮ್ಮ ಕೈಯಾಗ ಕೊಟ್ಟಿದ್ದೆ. ನೀವು ಸತ್ರೇನು? ಕಿಸೇದಾಗ ಇಟಗೊಂಡು ಮಿರ್ಚಿ ತಿನ್ನಾಕ ಹೋಗಿದ್ರಿ."

ವೀರನ ಕೈ ತಾನಾಗಿ ನಡುವಿಗೆ ಹೋಯಿತು, ಕೊಂಡಿ ಎಟುಕಲಿಲ್ಲ. ಹದಿನಾಲ್ಕು ಹಳ್ಳಿಯ ಮಲ್ಲರಿಗೆ ಬಗ್ಗದ ಅದನ್ನು ಮಾಳವ್ವ ಉಗುರಿನಿಂದ ಬಿಚ್ಚಿದಳು. ಎಲೆಚೀಲದಿಂದ ಕರಿನೂಲು ತೆಗೆದು ಕಟ್ಟಿದಳು. "ತಗೋರಿ, ನಡ ಬರಿದಾತು ಅನ್ನೂಹಂಗಿಲ್ಲ."

ಗುಹೆ ಕಹಳೆಯೂದಿತು, ಡೊಳ್ಳು ಬಾರಿಸಿತು. ಅದು ಆಮೇಲೆ ನುಡಿದ ಕಾರಣಿಕವೂ ಇಷ್ಟೇ: ನರಕ್ಕೆ ಕೊಂಚ ಒತ್ತು, ಕೆಲವು ದಿನ ಕೊಡ ಎತ್ತಕೂಡದು.

ವೀರನು ಹೊರಬಂದಾಗ ಮಾಳವ್ವ ಬಾಗಿಲ ಬಳಿಯೇ ಕುಳಿತಿದ್ದಳು. ತಿನ್ನದ ಎಲೆಯ ಮೇಲೆ ಸುಣ್ಣ ಒಣಗಿತ್ತು. ಬಿಗಿಹಿಡಿದ ಮುಷ್ಟಿಯನ್ನು ಬಿಚ್ಚಿ, ಬೆಚ್ಚಗಾಗಿದ್ದ ಬೆಳ್ಳಿಯನ್ನು ಅವನ ಅಂಗೈಯಲ್ಲಿಟ್ಟಳು.