ಸೆರಂಗೂನಿನಲ್ಲಿ ಒಂದು ಭಾನುವಾರದ ಹುಬ್ಬಳ್ಳಿ

ಸಿಂಗಾಪುರ ಬಿಟ್ಟು ಹುಬ್ಬಳ್ಳಿಗೆ ಹೋಗಿಯೇ ಬಿಡುವುದು ಎಂದು ನಾನು ಭೀಷ್ಮ ಪ್ರತಿಜ್ಞೆ ಮಾಡಿದ್ದು ಒಂದು ಲೋಟ ಚಹಾದ ದೆಸೆಯಿಂದ. ಇಲ್ಲಿನ ಸೆರಂಗೂನಿನಲ್ಲಿ ನಮ್ಮ ಪಕ್ಕದ ಬ್ಲಾಕಿನಲ್ಲಿರುವ ನವನೀತ್ ಎಂಬ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನನ್ನು "ಸಂಜೆ ನಿಮ್ಮನೆಗೆ ಚಹಾಕ್ಕೆ ಬರ್ಲಾ?" ಎಂದು ಕೇಳಿದೆ. ಆತ ಫೋನ್ ನೋಡಿಕೊಂಡು, "ಅಂಕಲ್, ನೆಕ್ಸ್ಟ್ ಮಂತ್ ಸೆಕೆಂಡ್ ಸ್ಯಾಟರ್‌ಡೇ ಫ್ರೀ ಇದೀನಿ. ಬ್ಲಾಕ್ ಮಾಡ್ಲಾ?" ಎಂದ. ಪಾಸಿರ್ ಪಂಜಾಂಗಿನ ಶಿಪ್ಪಿಂಗ್ ಆಫೀಸಿನಲ್ಲಿ ದಿನವಿಡೀ ಹಡಗುಗಳಿಗೆ ಜಾಗ ಬುಕ್ ಮಾಡುವವನು ನಾನು. ಮನೆಗೆ ಬಂದ ಮೇಲೆ ಚಹಾಕ್ಕೂ ಅದೇ ಕರ್ಮವೇ!

ರಾತ್ರಿ ಮಗಳು ಇಶಿತಾ ಮಲಗಿದ ಮೇಲೆ ಊಟಕ್ಕೆ ಕೂತಾಗ ಹೆಂಡತಿ ಶೋಭಾಳ ಮುಂದೆ ನನ್ನ ಘನ ನಿರ್ಧಾರವನ್ನು ಮಂಡಿಸಿದೆ. ಹುಬ್ಬಳ್ಳಿ ನನ್ನ ಊರು. ಅವಳದು ಬೆಂಗಳೂರು. ಹಾಗಾಗಿ ವಿಚಾರಣೆ ಕಟುವಾಗಿಯೇ ನಡೆಯಿತು.

"ಅತೀ ದೊಡ್ಡದೂ ಅಲ್ಲ, ಅತೀ ಸಣ್ಣದೂ ಅಲ್ಲ. ಹದವಾದ ಊರು," ಎಂದೆ.

"ನನ್ನ ಕೆಲಸ? ಇಶಿತಾ ಸ್ಕೂಲು?"

"ಕೆಲಸ ಮನೆಯಿಂದ ಮಾಡು. ಸ್ಕೂಲು ಬೇಕಾದಷ್ಟಿವೆ."

"ಕರೆಂಟ್ ಹೋದ್ರೆ?"

"ಇನ್ವರ್ಟರ್ ಹಾಕ್ಸೋಣ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಜನ ಫೋನ್ ಮಾಡದೇ ಮನೆಗೆ ಬರ್ತಾರೆ."

"ಅದು ಪ್ಲಸ್ಸಾ, ಮೈನಸ್ಸಾ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಸಂಬಂಧ, ಆತ್ಮೀಯತೆ, ತೆರೆದ ಬಾಗಿಲ ಸಂಸ್ಕೃತಿ ಎಂದೆಲ್ಲ ಪುಟ್ಟ ಉಪನ್ಯಾಸವನ್ನೇ ಬಿಗಿದೆ. ಅವಳು ತಟ್ಟೆ ತೊಳೆಯಲು ಎದ್ದಳು.

"ಸರಿ. ಫೋನ್ ಮಾಡದೇ ಬಂದೋರಿಗೆ ಚಹಾ ಮಾಡೋದು ಯಾರು? ನಾನು. ಅದಕ್ಕೇ ಒಂದು ಟ್ರಯಲ್ ಮಾಡಿ. ಬರೋ ಭಾನುವಾರ ಇಲ್ಲೇ ಹುಬ್ಬಳ್ಳಿ. ಸೌಟು ನಿಮ್ಮ ಕೈಲಿ, ನಾನು ಸೋಫಾ ಮೇಲೆ. ಸಂಜೆ ತನಕ ನೀವು ತಡ್ಕೊಂಡ್ರೆ ನಾನು ಶಿಫ್ಟ್ ಆಗೋಕೆ ರೆಡಿ."

"ತಡಕೊಳ್ಳೋದೇನು, ಗೆದ್ದು ತೋರಿಸ್ತೀನಿ," ಎಂದು ಕನ್ನಡಿಗರ ವಾಟ್ಸಾಪ್ ಗುಂಪಿಗೆ ಆ ಕ್ಷಣವೇ ಡಂಗುರ ಸಾರಿದೆ: ಭಾನುವಾರ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ, ಯಾರೂ ಹೇಳಿಕೇಳಿ ಬರಬಾರದು.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದು, ಕಬ್ಬಿಣದ ಗೇಟನ್ನೂ ಹಿಂದಕ್ಕೆ ತಳ್ಳಿದೆ. ಹಲ್ಲುಜ್ಜಿ ಬರುವಷ್ಟರಲ್ಲಿ ಬಸಲಿಂಗಪ್ಪನವರು ಸೋಫಾದ ಮೇಲಿದ್ದರು. ಮೇಲಿನ ಮಹಡಿಯ ಮಗಳ ಮನೆಗೆ ಹುಬ್ಬಳ್ಳಿಯಿಂದ ಬಂದು, ಮಾತಿಗೆ ಜನ ಸಿಗದೆ ಸೊರಗಿದ್ದ ಹಿರಿಯರು.

"ಬಾಗಲಾ ತಗದಿತ್ತು, ಬಂದ್ನಿ. ಚಾಕ್ಕ ಸಕ್ಕರಿ ಸ್ವಲ್ಪ ಮುಂದ ಇರಲಿ," ಎಂದರು.

ನನಗೆ ಕಣ್ಣು ತುಂಬಿ ಬಂತು. ಇದಲ್ಲವೇ ಬದುಕು! ಹತ್ತು ಗಂಟೆಯ ಹೊತ್ತಿಗೆ ನಾಲ್ಕು ಸಲ ಚಹಾ ಆಗಿತ್ತು, ಕಣ್ಣೂ ಒಣಗಿತ್ತು. ಬಂದವರೆಲ್ಲ ಸೋಫಾ, ಕುರ್ಚಿ, ಕೊನೆಗೆ ಇಶಿತಾಳ ಹಾಸಿಗೆಯವರೆಗೂ ಹರಡಿಕೊಂಡರು. ಶೋಭಾ ನಡುವೆ ಕಾಲು ಮಡಚಿ ಕೂತು ಹರಟುತ್ತಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಪಾರಾಗುತ್ತಿದ್ದೆ. ಫೋನಿನಲ್ಲಿ ದಿನ ಬ್ಲಾಕ್ ಮಾಡದೆಯೇ ಬಂದಿದ್ದ ನವನೀತ್ ಮಧ್ಯಾಹ್ನ ಎದ್ದು ಚಪ್ಪಲಿ ಹಾಕಿಕೊಂಡ. ನಮ್ಮ ಕಡೆ ಹೊರಟವರಿಗೆ ಊಟಕ್ಕೆ ಹೇಳುವುದು ಪದ್ಧತಿ. ಅವರು ಒಲ್ಲೆನೆನ್ನುವುದೂ ಪದ್ಧತಿಯೇ. ಬಾಗಿಲಲ್ಲಿ ಇಬ್ಬರೂ ಮೂರು ಸಲ ಜಗ್ಗಾಡಿದರೆ ಒಂದು ಅಗುಳೂ ಖರ್ಚಾಗದೆ ಇಬ್ಬರ ಮಾನವೂ ಉಳಿಯುತ್ತದೆ. ಆ ಧೈರ್ಯದ ಮೇಲೆ ನಾನು ಅವನ ಕೈ ಹಿಡಿದೆ.

"ಏ, ಹಂಗ ಹೊಂಟ್ರ ಹೆಂಗ? ಊಟ ಮಾಡ್ಕೊಂಡ ಹೋಗಬೇಕು."

"ಶೂರ್ ಅಂಕಲ್," ಎಂದು ಚಪ್ಪಲಿ ಬಿಟ್ಟ. "ವೈಫ್ ನಿಶ್ಚಿತಾಗೂ ಕಾಲ್ ಮಾಡ್ಲಾ? ಮನೆಗೆ ಫ್ರೆಂಡ್ಸ್ ಇಬ್ರು ಬಂದಿದ್ದಾರೆ, ಅವ್ರೂ ಬರ್ತಾರೆ."

ಬೆಂಗಳೂರಿನ ಹುಡುಗ! ಬೇಡವೆನ್ನಲು ಯಾರೂ ಕಲಿಸಿರಲಿಲ್ಲ. ಒಬ್ಬನಿಗೆ ಹೇಳಿ ಉಳಿದವರಿಗೆ ಹೇಳದಿದ್ದರೆ ಹೇಗೆ? ಎಲ್ಲರಿಗೂ ಹೇಳಿದೆ. ಎಲ್ಲರೂ ಒಪ್ಪಿದರು. ಬಸಲಿಂಗಪ್ಪನವರು ಮಾತ್ರ ಸಂಪ್ರದಾಯದಂತೆ "ಬ್ಯಾಡ್ರಿ" ಎಂದರು. ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಎರಡನೆಯ ಸಲ ಹೇಳದೆ ಅಡುಗೆಮನೆಗೆ ಸರಿದೆ.

ಹಿಂದೆಯೇ ಅವರ ದನಿ ಬಂತು: "ಇನ್ನೊಮ್ಮಿ ಕೇಳವರಿದ್ರೇನ?"

ಕೇಳಿದೆ. ಅವರೂ ಕೂತರು.

ಅವ್ವ ಕಟ್ಟಿ ಕಳಿಸಿದ್ದ ಖಡಕ್ ರೊಟ್ಟಿಯ ಡಬ್ಬಿಯನ್ನು ಎದೆಗಪ್ಪಿಕೊಂಡು ಹೊರತಂದೆ. ವರ್ಷವಿಡೀ ಹಬ್ಬಕ್ಕೊಂದರಂತೆ ಮುರಿದು ತಿನ್ನಬೇಕೆಂದಿದ್ದೆ. ನವನೀತನ ಗೆಳೆಯರು ಅದನ್ನು ಚಿಪ್ಸ್ ಎಂದು ತಿಳಿದು ಶೇಂಗಾ ಚಟ್ನಿಯಲ್ಲಿ ಅದ್ದಿ ಕರಕರ ಮುಗಿಸಿದರು. ಅನ್ನ ಮೂರು ಸಲ ಇಟ್ಟೆ. ಎರಡನೆಯದು ಸೀದಿತು, ಅದೂ ಖಾಲಿಯಾಯಿತು. ಅಲಾರಂ ಹೊಡೆದುಕೊಂಡಂತೆ ಕುಕ್ಕರ್ ಕೂಗುತ್ತಲೇ ಇತ್ತು.

"ಅಪ್ಪಾ, ಬಾತ್‌ರೂಮ್‌ಗೂ ಕ್ಯೂ ಲಾ," ಎಂದಳು ಇಶಿತಾ, ಸಿಂಗಾಪುರದ ಮಕ್ಕಳ ಧಾಟಿಯಲ್ಲಿ.

ಹಾಲು ತರುವ ನೆಪ ಹೇಳಿ ಕೆಳಗಿಳಿದೆ. ಬ್ಲಾಕಿನ ಬುಡದಲ್ಲಿ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತಾಗ ಎಂಥ ಸುಖ! ಸುತ್ತ ಯಾರೂ ಇಲ್ಲ, ಯಾರಿಗೂ ಚಹಾ ಬೇಡ. ಈ ಊರಿನ ತಣ್ಣನೆಯ ಅಪರಿಚಿತತೆಯನ್ನು ಹಳಿದವನು ನಾನೇ ಎಂದು ನೆನೆದು ನಾಚಿಕೆಯಾಯಿತು. ಸಿಂಗಾಪುರವೇ, ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗೆನು!

ಅಷ್ಟರಲ್ಲಿ ಮಲ್ಲಿಗೆ ಮುಡಿದ ಹೆಂಗಸೊಬ್ಬರು ಎದುರು ನಿಂತರು. ಗುರುತಿರಲಿಲ್ಲ.

"ನೀವು ಕನ್ನಡದೋರಾ? ಒಬ್ರೇ ಯಾಕೆ ಕೂತಿದೀರಾ? ಮೇಲೆ ಶೋಭಾ ಅನ್ನೋರ ಮನೇಲಿ ಇವತ್ತು ಯಾರು ಬೇಕಾದ್ರೂ ಹೋಗ್ಬಹುದಂತೆ. ನಾನು ನಾಗಮಣಿ. ಸಂಕೋಚ ಬಿಡಿ, ಬನ್ನಿ, ನಾನು ಹೇಳ್ತೀನಿ."

ಹೀಗೆ ನನ್ನ ಮನೆಗೆ ನಾನೇ ನಾಗಮಣಿ ಆಂಟಿಯ ಅತಿಥಿಯಾಗಿ ಹೋದೆ. ಕೂರಲು ಜಾಗವಿರಲಿಲ್ಲ.

ಶೋಭಾ ಸೋಫಾದಿಂದಲೇ ಎಲ್ಲರಿಗೂ ಕೇಳುವಂತೆ ಘೋಷಿಸಿದಳು: "ರೀ, ನಾನು ಒಪ್ಪಿದೆ. ಹುಬ್ಬಳ್ಳಿಗೆ ಹೋಗೋಣ. ಎಷ್ಟು ಜನ, ಎಷ್ಟು ಮಾತು! ನಂಗೆ ತುಂಬಾ ಹಿಡಿಸ್ತು. ಏರ್ಪಾಡು ಮಾತ್ರ ಇದೇ. ನಾನು ಇಲ್ಲಿ, ನೀವು ಅಲ್ಲಿ," ಎಂದು ಒಲೆಯ ಕಡೆ ಬೆರಳು ತೋರಿಸಿದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದವನು ನಾನೇ. ಆದರೂ ಸೌಟು ನನ್ನ ಪಾಲಿಗೇ ಉಳಿಯಿತು.

"ಹೋಗೋಣ," ಎಂದೆ ಕ್ಷೀಣವಾಗಿ. "ಆದ್ರೆ ಅಲ್ಲಿ ಬಾಗಿಲಿಗೆ ಒಂದು ಬೋರ್ಡ್ ಹಾಕೋಣ. ದಯವಿಟ್ಟು ಫೋನ್ ಮಾಡಿಯೇ ಬನ್ನಿ ಅಂತ."

ಮೂಲೆಯಲ್ಲಿ ದಿಂಬಿಗೊರಗಿದ್ದ ಬಸಲಿಂಗಪ್ಪನವರು ಅರ್ಧ ಕಣ್ಣು ತೆರೆದರು.

"ಹಾಕ್ರಿ, ಹಾಕ್ರಿ. ಏನ್ ಬರದೀರಿ ಅಂತ ಓದಾಕ ಇಡೀ ಓಣಿ ಬರತೈತಿ. ಅವತ್ತ ಚಾ ಒಂದೀಟು ಹೆಚ್ಚಿಗಿ ಇಡ್ರಿ."