ಒಂದು ಹಕ್ಕಿಗೆ ಎರಡು ಮಿಷನ್

ಕಾಂತೇಶನಿಗೆ ಆ ಭಾನುವಾರ ಒದಗಿದ ಫಜೀತಿಗೆಲ್ಲ ಮೂಲ ಅವನ ಮಾವ ಒಳ್ಳೆಯವರಾಗಿದ್ದದ್ದು. ಬೇರೆ ಮಾವನಾಗಿದ್ದರೆ ಮೊದಲನೇ ದೀಪಾವಳಿಗೆ ಒಂದು ಷರಟು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಚಿಕ್ಕಬೀರಯ್ಯನವರು ಗಿಣಿಹಸಿರು ಬಣ್ಣದ ಷರಟನ್ನೂ ಕೊಟ್ಟು, ಅಷ್ಟಕ್ಕೇ ಸುಮ್ಮನಿರಲಾರದೆ, ಎಲೆ ಮುಂದೆ ಕೂತಿದ್ದ ಹೊಸ ಅಳಿಯನಿಗೆ, "ಅದೇನೋ ಹಕ್ಕಿ ಫೋಟೋ ತೆಗೀತೀರಂತಲ್ಲ ಅಳಿಯಂದ್ರೇ, ಒಂದು ಕ್ಯಾಮೆರಾ ಕೊಡಿಸ್ತೀನಿ. ಯಾವ್ದು ಬೇಕು ಹೇಳಿ ಸಾಕು" ಎಂದುಬಿಟ್ಟರು.

ಹೇಳಿ ಸಾಕು ಅಂದರಲ್ಲ, ಅದೇ ಕಾಂತೇಶನ ಕೈಯಲ್ಲಿ ಆಗಲಿಲ್ಲ. ತುಮಕೂರಿನ ಕಚೇರಿಯೊಂದರಲ್ಲಿ ಟಪಾಲು ಗುಮಾಸ್ತನಾಗಿದ್ದ ಈತ ಬದನೆಕಾಯಿ ತರಲು ಹೋಗಿ, ನಾಲ್ಕು ಗಾಡಿ ಸುತ್ತಿ, ಕೊನೆಗೆ ಬರಿಗೈಲಿ ಮರಳೂರಿನ ಮನೆಗೆ ವಾಪಸಾಗುವ ಆಸಾಮಿ. ಕ್ಯಾಮೆರಾ ಅಂದಮೇಲೆ ಕೇಳಬೇಕೆ? ಎರಡರ ಮೇಲೆ ಅವನ ಕಣ್ಣು ಬಿತ್ತು. ಒಂದು ಕರೀದು, ಒಂದು ಬೆಳ್ಳಿ ಬಣ್ಣದ್ದು. ಕರೀದು ಹದಿನೆಂಟು ಪಟ್ಟು ಜೂಮು, ಆದರೆ ಅದಕ್ಕೆ ಅದರದೇ ಬ್ಯಾಟರಿ ಬೇಕು. ಬೆಳ್ಳಿಯದು ಹನ್ನೆರಡೇ ಪಟ್ಟು, ಆದರೆ ಪೆಟ್ಟಿಗೆ ಅಂಗಡಿಯ ಪೆನ್ಸಿಲ್ ಸೆಲ್ಲು ಹಾಕಿದರೂ ಓಡುತ್ತದೆ. ಎರಡರ ಒಳಗೂ ಬಿಂಬ ಹಿಡಿಯುವ ಸೆನ್ಸರ್ ಅನ್ನೋದು ಉದ್ದಿನಬೇಳೆಗಿಂತ ಒಂಚೂರು ದೊಡ್ಡದು. ಬೆಳಕು ಕಮ್ಮಿಯಾದರೆ ಎರಡರಲ್ಲೂ ಫೋಟೋ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ಹಾಗಾದರೆ ಯಾವುದು? ಸೈಬರ್ ಕೆಫೆಯಲ್ಲಿ ಕೂತು ಓದಿದ, ಪ್ರಿಂಟ್ ತೆಗೆಸಿದ, ಪಟ್ಟಿ ಬರೆದ. ಅಷ್ಟರಲ್ಲಿ ವರ್ಷ ಕಳೆಯಿತು. ನಾದಿನಿಯ ಮದುವೆ ಕುಣಿಗಲ್ಲಿನ ಡ್ರಿಲ್ ಮಾಸ್ತರು ತಿಮ್ಮೇಶನ ಜೊತೆ ಆಯಿತು. ಮುಂದಿನ ದೀಪಾವಳಿಯೂ ಹೊಸಿಲಿಗೆ ಬಂತು.

ಶುಕ್ರವಾರ ಮಾವ ಫೋನ್ ಮಾಡಿದರು. "ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ. ಭಾನುವಾರ ಸಂಜೆ ಒಳಗೆ ಒಂದು ಹೆಸರು ಹೇಳ್ಬಿಡಿ. ಸೋಮವಾರದಿಂದ ಕಿರೀ ಅಳಿಯಂದ್ರ ಪಾಳಿ."

ಹೆಂಡತಿ ಶೃತಿ ನಕ್ಕಳು. "ನನ್ನನ್ನ ಒಪ್ಕೊಳ್ಳೋಕೆ ಮಾತ್ರ ಅರ್ಧ ಗಂಟೇಲಿ ಹೆಂಗ್ರೀ ತೀರ್ಮಾನ ಮಾಡಿದ್ರಿ?"

"ಅವತ್ತು ಪಕ್ಕದಲ್ಲಿ ಇನ್ನೊಬ್ಬಳು ಕೂತಿರ್ಲಿಲ್ಲ ಕಣೇ" ಎಂದು ಕಾಂತೇಶ ಪಾಪ, ನಿಜವನ್ನೇ ಹೇಳಿದ. ಆ ರಾತ್ರಿ ಅವನಿಗೆ ಬಿಸಿ ಸಾರು ಸಿಗಲಿಲ್ಲ.

ಶನಿವಾರ ಸಂಜೆ ಅವನು ಕ್ಯಾಮೆರಾ ಅಂಗಡಿಗೆ ಹೋದಾಗ, ಮಾಲೀಕ ರೇವಣಸಿದ್ದಯ್ಯ ಅವನ ಮುಖ ಕಂಡಿದ್ದೇ ಎರಡು ಕ್ಯಾಮೆರಾವನ್ನೂ ಎತ್ತಿ ಟೇಬಲ್ ಮೇಲಿಟ್ಟ. "ಸ್ವಾಮಿ, ವರ್ಷದಿಂದ ನೀವು ಉಸಿರು ಬಿಟ್ಟು ಬಿಟ್ಟು ನನ್ನ ಶೋಕೇಸ್ ಗಾಜು ಮಬ್ಬಾಗೋಗಿದೆ. ಎರಡನ್ನೂ ತಗೊಂಡೋಗಿ. ಸ್ಕೂಟರ್ ಆರ್.ಸಿ. ಬುಕ್ಕು ಇಲ್ಲಿಡಿ. ನಾಳೆ ಸಂಜೆ ಆರಕ್ಕೆ ಬಂದು ಒಂದನ್ನ ಹೇಳಿ. ನಿಮಗೆ ಕೈ ಮುಗೀತೀನಿ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾಂತೇಶ ಗೂಳೂರು ಕೆರೆ ಏರಿಯ ಮೇಲಿದ್ದ. ಹಸಿರು ಕಂಡರೆ ಹಕ್ಕಿ ಹೆದರುವುದಿಲ್ಲವೆಂದು ಮಾವ ಕೊಟ್ಟ ಗಿಣಿಹಸಿರು ಷರಟನ್ನೇ ಹಾಕಿಕೊಂಡು ಬಂದಿದ್ದ. ಹೋಲಿಕೆ ಅಂದಮೇಲೆ ಅದೇ ಹಕ್ಕಿ, ಅದೇ ಬೆಳಕು, ಅದೇ ಕ್ಷಣ ಇರಬೇಕಲ್ಲ? ಅದಕ್ಕಾಗಿ ಬಡಗಿಯ ಹತ್ತಿರ ಒಂದು ಮರದ ಪಟ್ಟಿ ಮಾಡಿಸಿ, ಅದನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಅದರ ಮೇಲೆ ಎರಡು ಕ್ಯಾಮೆರಾವನ್ನೂ ಜೋಡೆತ್ತಿನ ಹಾಗೆ ಕೂರಿಸಿದ. ಏರಿಯ ಕೆಳಗೆ, ಬೇಲಿ ಹಾಕಿದ ಖಾಲಿ ಸೈಟೊಂದಿತ್ತು. ಅದರ ಮೂಲೆಯ ಗಡಿಕಲ್ಲಿನ ಮೇಲೆ ಮಿಂಚುಳ್ಳಿಯೊಂದು ಕೂತಿತ್ತು. ಎಂಥಾ ಹಕ್ಕಿ! ಕಾಂತೇಶ ಉಸಿರು ಬಿಗಿಹಿಡಿದು, ಎರಡೂ ಕೈಯಿಂದ ಎರಡೂ ಗುಂಡಿ ಒತ್ತಿದ.

"ಏನ್ಸಾ, ರೋಡು ಆ ಕಲ್ ಮ್ಯಾಲೇ ಹಾಯ್ದೋಯ್ತದಾ?"

ಹಿಂದೆ ತಿರುಗಿದರೆ ಹೆಗಲ ಮೇಲೆ ಟವೆಲ್ ಹಾಕಿದ ರೈತನೊಬ್ಬ ನಿಂತಿದ್ದ. ಹೆಸರು ರಂಗಯ್ಯ, ಪಕ್ಕದ ತೆಂಗಿನ ತೋಟ ಅವನದೇ. ಆ ಕಾಲದಲ್ಲಿ ತುಮಕೂರಿನ ಸುತ್ತ ಬೈಪಾಸು, ರಿಂಗ್ ರೋಡು ಅಂತ ದಿನಕ್ಕೊಂದು ಸುದ್ದಿ. ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು ಒಕ್ಕಣ್ಣು ಮುಚ್ಚಿದವನನ್ನು ಕಂಡರೆ ಜನಕ್ಕೆ ಎದೆ ಝಲ್ ಅನ್ನುತ್ತಿತ್ತು.

"ರೋಡೂ ಇಲ್ಲ ಏನೂ ಇಲ್ಲ. ಹಕ್ಕಿ ಫೋಟೋ ತೆಗೀತಿದೀನಿ."

ರಂಗಯ್ಯ ಹಕ್ಕಿಯನ್ನು ನೋಡಿದ, ಸ್ಟ್ಯಾಂಡನ್ನು ನೋಡಿದ. "ಅಲ್ಲ ಸಾ, ಒಂದು ಹಕ್ಕಿಗೆ ಎರಡು ಮಿಷನ್ ಯಾಕೆ?"

ಈ ಪ್ರಶ್ನೆಗೆ ಬುದ್ಧಿವಂತನಾದವನು ಏನಾದರೂ ಸುಳ್ಳು ಹೇಳುತ್ತಿದ್ದ. ಕಾಂತೇಶ ಖುಷಿಯಾಗಿ, ತಾನು ಬರೆದಿದ್ದ ಪಟ್ಟಿಯನ್ನೇ ಜೇಬಿನಿಂದ ಹೊರತೆಗೆದ. "ನೋಡಿ, ಇದು ಹದಿನೆಂಟು, ಇದು ಹನ್ನೆರಡು. ಯಾವುದು ಅಂತ ಇವತ್ತು ಸಂಜೆಯೊಳಗೆ ತೀರ್ಮಾನ ಆಗ್ಲೇಬೇಕು."

"ಅಯ್ಯಯ್ಯಪ್ಪಾ, ಹದಿನೆಂಟು ಮೀಟ್ರು ಅಗಲದ ರೋಡು!" ಎಂದು ರಂಗಯ್ಯ ಕೂಗಿದ್ದು ಊರಿಗೆಲ್ಲ ಕೇಳಿಸಿತು. "ಬರ್ರಲಾ, ಸರ್ವೆಯೋರು ಬಂದವ್ರೆ! ಆ ಸೈಟಿನ ಸಾವ್ಕಾರ್ರಿಗೂ ಒಂದು ಫೋನ್ ಹಾಕ್ರಲಾ, ಅವರ ಕಲ್ಲಿಗೇ ಗುರಿ ಇಟ್ಟವ್ರೆ!"

ಐದು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ಮಿಂಚುಳ್ಳಿ ಯಾವಾಗಲೋ ಹಾರಿಹೋಗಿತ್ತು. ಸ್ಕೂಟರಿನ ಕೀಲಿ ರಂಗಯ್ಯನ ಸೊಂಟ ಸೇರಿತ್ತು.

"ನನ್ನ ತೋಟ ಒಂದು ಬುಟ್ಬುಡಿ ಸಾ. ಹೊಸಾ ಮರ ಈಗಿನ್ನೂ ಹೊಂಬಾಳೆ ಬುಡ್ತಾ ಅವೆ" ಎಂದು ರಂಗಯ್ಯ ಎಳನೀರು ಕೆತ್ತಿ ಕೈಗಿಟ್ಟ.

"ನಾನು ಸರ್ವೆಯೋನಲ್ಲ ಕಣಯ್ಯಾ!"

"ಎಲ್ಲಾ ಸರ್ವೆಯೋರೂ ಹಂಗೇ ಅನ್ನೋದು, ಕುಡೀರಿ."

ಈ ವಾದದಲ್ಲೇ ಮಧ್ಯಾಹ್ನವಾದಾಗ ಜನರ ನಡುವೆ ನುಗ್ಗಿ ಬಂದವಳು ಹನುಮಮ್ಮ. ಅರವತ್ತರ ಹೆಂಗಸು, ಗಂಟಲು ಮಾತ್ರ ಇಪ್ಪತ್ತರದು. "ಅವನ ತೋಟ ಬ್ಯಾಡ ಕಣಪ್ಪ, ನನ್ನ ಹೊಲದ ಮ್ಯಾಲೇ ರೋಡು ತಗೊಂಡೋಗು! ಬರೀ ಕಲ್ಲು, ಹುಳ್ಳಿನೂ ಬೆಳೆಯಾಕಿಲ್ಲ. ಪರಿಹಾರನಾದ್ರೂ ಬರ್ಲಿ. ನಡಿ, ಉಂಡ್ಕೊಂಡು ಅಳೆಯೋವಂತೆ."

ಬೇಡವೆಂದರೂ ಕೇಳುವವರು ಯಾರು? ಎರಡು ಮುದ್ದೆ, ಅವರೆಕಾಳು ಸಾರು ಒಳಗೆ ಹೋದವು. ಮೂರನೇ ಮುದ್ದೆ ಎಲೆಗೆ ಬೀಳುವಾಗ ಕಾಂತೇಶ ಗಡಿಯಾರ ನೋಡಿಕೊಂಡ. ಒಂದೂವರೆ! ಸಂಜೆ ಆರರೊಳಗೆ ಅಂಗಡಿ ಮುಟ್ಟದಿದ್ದರೆ ಕ್ಯಾಮೆರಾ ಡ್ರಿಲ್ ಮಾಸ್ತರ ಪಾಲು. ಆ ತಿಮ್ಮೇಶ ಗುಬ್ಬಚ್ಚಿಗೂ ಕಾಗೆಗೂ ವ್ಯತ್ಯಾಸ ತಿಳಿಯದ ಮನುಷ್ಯ! ನೆನೆಸಿಕೊಂಡರೇ ಹೊಟ್ಟೆ ಉರಿಯಿತು.

ನಿಜ ಹೇಳಿ ಪ್ರಯೋಜನವಿಲ್ಲವೆಂದು ಕೊನೆಗೂ ಅವನಿಗೆ ಹೊಳೆಯಿತು. ಕೈ ತೊಳೆದು ಏರಿಯ ಮೇಲೆ ಬಂದು, ಸ್ಟ್ಯಾಂಡ್ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಘೋಷಿಸಿದ. "ತೀರ್ಮಾನ ಆಯ್ತು. ರೋಡು ಯಾರ ಜಮೀನಿಗೂ ಬರಲ್ಲ. ಕೆರೆ ನಡುವೆ ಹೋಗುತ್ತೆ, ಸೇತುವೆ ಮೇಲೆ!"

ರಂಗಯ್ಯ ಕಣ್ಣಲ್ಲಿ ನೀರು ತಂದುಕೊಂಡು ಕೀಲಿ ಕೊಟ್ಟ. ಆದರೆ ಹನುಮಮ್ಮ ಸುಮ್ಮನಿರಬೇಕಲ್ಲ! "ಎಲಾ ನಿನ್ನ, ನನ್ನ ಮುದ್ದೆ ತಿಂದು ಕೆರೇಗೆ ರೋಡು ಹಾಕ್ತೀಯಾ?" ಎಂದು ಮುದ್ದೆಕೋಲು ಹಿಡಿದು ಬಂದೇಬಿಟ್ಟಳು. ಕಾಂತೇಶ ಕ್ಯಾಮೆರಾ ಚೀಲಕ್ಕೆ ತುಂಬಿ, ಸ್ಟ್ಯಾಂಡ್ ಕಂಕುಳಿಗೆ ಸಿಕ್ಕಿಸಿ, ಹೆಲ್ಮೆಟ್ ಏರಿಸಿ ಸ್ಕೂಟರ್ ಒದ್ದ. ಅದೇ ಹೊತ್ತಿಗೆ ಹಿಂದೆ ಆಟೋ ಒಂದು ಬಂದು ನಿಂತ ಸದ್ದಾಯಿತು. "ಹಿಡೀರ್ಲಾ ಅವ್ನನ್ನ!" ಎಂದು ಯಾರೋ ಕೂಗಿದರು. ಹಿಡಿಯಲು ಹೇಳಿದವರ ಮುಖ ನೋಡುವ ಕುತೂಹಲ ಅವನಿಗಿರಲಿಲ್ಲ.

ದಾರಿಯಲ್ಲಿ ಸ್ಕೂಟರ್ ಪಂಕ್ಚರಾಗಿ, ಭಾನುವಾರ ತೆರೆದಿರುವ ಪಂಕ್ಚರ್ ಅಂಗಡಿ ಹುಡುಕುವಷ್ಟರಲ್ಲಿ ಮೂರು ಗಂಟೆ ಹೋಯಿತು. ಅಂತೂ ಐದೂಮುಕ್ಕಾಲಿಗೆ ರೇವಣಸಿದ್ದಯ್ಯನ ಅಂಗಡಿ ಸೇರಿದ. ಇಡೀ ದಿನದ ದುಡಿಮೆ ಎರಡೇ ಫೋಟೋ. ಕಂಪ್ಯೂಟರಿಗೆ ಹಾಕಿ ನೋಡಿದರು. ಬೆಳ್ಳಿಯದರಲ್ಲಿ ಮಿಂಚುಳ್ಳಿ ಚೆನ್ನಾಗಿತ್ತು. ಕರೀದರಲ್ಲಿ ಅದರ ಕಣ್ಣೊಳಗೆ ಬೆಳಗಿನ ಸೂರ್ಯನೇ ಕಾಣುತ್ತಿದ್ದ!

"ಕರೀದು!" ಎಂದು ಕಾಂತೇಶ ಕುಣಿದುಬಿಟ್ಟ. "ಎತ್ತಿಡಿ ಸ್ವಾಮಿ, ಬೇರೆ ಯಾರಿಗೂ ಕೊಡಬೇಡಿ. ಮಾವ ಬಂದು ತಗೋತಾರೆ."

ರೇವಣಸಿದ್ದಯ್ಯ ದೇವರ ಪಟಕ್ಕೆ ಕೈಮುಗಿದು ಆರ್.ಸಿ. ಬುಕ್ಕು ವಾಪಸು ಕೊಟ್ಟ.

ಚಳಿಗಾಳಿಗೆ ಜರ್ಕಿನ್ ಹಾಕಿಕೊಂಡು, ಹಾಡು ಗುನುಗುತ್ತ ಕಾಂತೇಶ ಮರಳೂರಿಗೆ ಬಂದ. ಬಾಗಿಲಲ್ಲಿ ಮಾವನ ಚಪ್ಪಲಿ ಇದ್ದವು. ಫೋನ್ ಖರ್ಚೂ ಉಳಿಯಿತು ಎಂದುಕೊಂಡು ಒಳಗೆ ಹೋದ.

"ಮಾವ, ತೀರ್ಮಾನ ಆಯ್ತು!"

"ನಂದೂ ಆಯ್ತು ಅಳಿಯಂದ್ರೇ, ಕೂತ್ಕೊಳ್ಳಿ" ಎಂದು ಚಿಕ್ಕಬೀರಯ್ಯನವರು ಮುಷ್ಟಿಯಷ್ಟು ಚಿಕ್ಕ ಕ್ಯಾಮೆರಾ ಒಂದನ್ನು ಟೇಬಲ್ ಮೇಲಿಟ್ಟರು. "ತಗೊಂಡೇಬಿಟ್ಟೆ. ಮೂರು ಪಟ್ಟು ಜೂಮಂತೆ. ಬಸ್ ಸ್ಟ್ಯಾಂಡ್ ಹತ್ರ, ಐದೇ ನಿಮಿಷದ ಕೆಲಸ."

ಕಾಂತೇಶ ಕ್ಯಾಮೆರಾವನ್ನು ನೋಡಿದ, ಮಾವನನ್ನು ನೋಡಿದ.

"ಏನ್ಮಾಡ್ಲಿ ಹೇಳಿ? ಗೂಳೂರಲ್ಲಿ ನಂದೊಂದು ಸೈಟೈತೆ, ಕೆರೆ ಕೆಳಗೆ, ನಿಮಗಿನ್ನೂ ತೋರಿಸಿಲ್ಲ. ಬೆಳಿಗ್ಗೆ ಫೋನ್ ಬಂತು. ಯಾವನೋ ಎರಡು ಮಿಷನ್ ಇಟ್ಕೊಂಡು ನನ್ನ ಗಡಿಕಲ್ಲಿಗೇ ಗುರಿ ಹಿಡಿದವ್ನಂತೆ. ಪರಿಹಾರ ಕೇಳೋಕೆ ಸೈಟಿನ ಫೋಟೋ ಬೇಕೇ ಬೇಕು ಅಂದ್ರು. ಹೆಂಗೂ ನಿಮಗೆ ಕೊಡಿಸ್ಬೇಕಿತ್ತು, ಒಂದೇ ಖರ್ಚು ಅಂತ ತಗೊಂಡು ಆಟೋ ಹತ್ತಿದೆ. ಆ ಬೇವರ್ಸಿ ನಾನು ಇಳಿಯೋ ಹೊತ್ತಿಗೆ ಸ್ಕೂಟ್ರು ಹತ್ತಿ ಪರಾರಿ! ಆದ್ರೂ ಬಿಡ್ಲಿಲ್ಲ, ಒಂದು ಹೊಡೆದೆ. ನೋಡಿ."

ಪುಟ್ಟ ಪರದೆಯ ಮೇಲೆ ದೂರದಲ್ಲಿ ಒಂದು ಸ್ಕೂಟರ್, ಅದರ ಮೇಲೆ ಜೋಳದ ಕಾಳಿನಷ್ಟು ಗಿಣಿಹಸಿರು. ಕಾಂತೇಶ ಜೀವನದಲ್ಲಿ ಮೊದಲ ಬಾರಿಗೆ, ಜೂಮು ಕಮ್ಮಿ ಇರುವ ಕ್ಯಾಮೆರಾ ಮಾಡಿದ ಪುಣ್ಯಾತ್ಮನನ್ನು ಮನಸಾರೆ ಹರಸಿದ.

"ಯಾಕ್ರೀ ಇಷ್ಟು ಬೆವರ್ತಿದೀರ? ಜರ್ಕಿನ್ ತೆಗೀರಿ" ಎನ್ನುತ್ತ ಬಂದ ಶೃತಿ ಪರದೆಗೆ ಬಗ್ಗಿದಳು. "ಅಪ್ಪಾ, ಈ ಗುಂಡಿ ಒತ್ತಿದ್ರೆ ಫೋಟೋ ದೊಡ್ಡದಾಗುತ್ತೆ ಕಣಪ್ಪ. ಸ್ಕೂಟ್ರು ನಂಬರ್ ಕೂಡ ಸಿಗಬೋದು."

ಹಸಿರು ಚುಕ್ಕೆ ಕಡಲೆಕಾಳಾಯಿತು, ನೆಲ್ಲಿಕಾಯಾಯಿತು. ಇನ್ನೊಂದು ಸಲ ಒತ್ತುವ ಮೊದಲು ಕಾಂತೇಶ ಕ್ಯಾಮೆರಾ ಕಸಿದುಕೊಂಡಿದ್ದ.

"ಮಾವ, ಇದೇ ಸಾಕು! ಇದೇ ಬೇಕು! ಇಂಥದ್ದನ್ನೇ ನಾನು ವರ್ಷದಿಂದ ಹುಡುಕ್ತಿದ್ದದ್ದು!" ಎನ್ನುತ್ತ ಹೆಬ್ಬೆರಳಲ್ಲಿ ಆ ಫೋಟೋ ಅಳಿಸಿಯೂ ಆಗಿತ್ತು. "ಅಯ್ಯೋ, ಕೈತಪ್ಪಿ ಹೋಯ್ತಲ್ಲ."

"ಹೋಗ್ಲಿ ಬುಡಿ, ಸೈಟಿಂದು ಇದ್ರೆ ಸಾಕು." ಅಳಿಯ ಒಂದೇ ಏಟಿಗೆ ಒಪ್ಪಿದ್ದಕ್ಕೆ ಮಾವನ ಕಣ್ಣು ತುಂಬಿ ಬಂತು. "ಎಂಥಾ ದೊಡ್ಡ ಮನಸ್ಸು ನಿಮ್ದು! ಆದ್ರೆ ಆ ಕಳ್ಳ ಮತ್ತೆ ಬಂದೇ ಬರ್ತಾನೆ. ಮುಖ ಕಾಣೋ ಹಂಗೆ ಹಿಡೀಬೇಕು ಅಂದ್ರೆ ದೊಡ್ಡ ಜೂಮ್ ಬೇಕಂತೆ. ಕಿರೀ ಅಳಿಯಂದ್ರಿಗೆ ಅಂಥದ್ದೇ ಕೊಡಿಸಿ, ರಜಾ ದಿನ ಕೆರೆ ಏರಿ ಕಾಯೋಕೆ ಹೇಳ್ತೀನಿ. ಡ್ರಿಲ್ ಮಾಸ್ತರು, ಓಡಿ ಹಿಡಿದೂ ಬಿಡ್ತಾರೆ. ಇದರಲ್ಲಿ ನಿಮ್ಮನ್ನ ಮೀರಿದೋರಿಲ್ಲ, ಯಾವ್ದು ಒಳ್ಳೇದು ಹೇಳಿ."

ವರ್ಷದ ಓದು, ಎರಡು ಮುದ್ದೆ, ಒಂದು ಮುದ್ದೆಕೋಲು, ಎಲ್ಲ ಸೇರಿ ಸಿಕ್ಕ ಉತ್ತರ ಅದೊಂದೇ.

"ಕರೀದು" ಎಂದ ಕಾಂತೇಶ. "ರೇವಣಸಿದ್ದಯ್ಯನ ಅಂಗಡೀಲಿ ಎತ್ತಿಡಿಸಿದೀನಿ."

"ಆಗ್ಲೇ ಎತ್ತಿಡ್ಸಿದೀರಾ? ತಿಮ್ಮೇಶನಿಗೋಸ್ಕರ! ಇದು ಕಣಮ್ಮ ಶೃತಿ, ಅಳಿಯ ಅಂದ್ರೆ!" ಎಂದು ಹೊಗಳುತ್ತ ಮಾವ, ಅಂಗಡಿ ಮುಚ್ಚುವುದರೊಳಗೆ ಮುಟ್ಟಬೇಕೆಂದು ಚಪ್ಪಲಿ ಮೆಟ್ಟಿಕೊಂಡರು.

ಅವರನ್ನು ಬೀಳ್ಕೊಡಲು ಕಾಂತೇಶ ಬಾಗಿಲಿಗೆ ಬಂದ. ಶೃತಿ ಅವನ ಪಕ್ಕಕ್ಕೆ ಬಂದು ನಿಂತು, ಅಪ್ಪನಿಗೆ ಕೈ ಬೀಸುತ್ತಲೇ ಮೆಲ್ಲಗೆ ಹೇಳಿದಳು.

"ರೀ, ಜರ್ಕಿನ್ ಜಿಪ್ ಇಳಿದಿದೆ, ಏರಿಸ್ಕೊಳ್ಳಿ. ಹಸಿರು ಕಾಣ್ತಿದೆ."